ಉಸಿರು ಮರಿಯೋ ಕೂಸು

ಆ ರಾತ್ರಿ ಹಡಗಲಿಯಿಂದ ಬರೋ ಕಡೇ ಬಸ್ಸು ತಡ ಆಗಿತ್ತು. ಅಮರೇಶ ಇಟ್ಟಿಗಿ ಕ್ರಾಸಿನ್ಯಾಗ ಇಳಿದಾಗ ಹತ್ತೂವರಿ ದಾಟಿತ್ತು. ಇಳಿದವನು ಅವನೊಬ್ಬನ. ಬಸ್ಸು ಹೋತು. ಅದರ ಹಿಂದಿನ ಕೆಂಪು ದೀಪಾನೂ ಹೋತು. ಆಮ್ಯಾಲೆ ಬರೇ ಕತ್ತಲಿ...

ಕೈಯಾಗ ಒಂದು ಹಾಲಿನ ಪುಡಿ ಡಬ್ಬಿ, ಒಂದು ಹನಿ ಔಷಧದ ಬಾಟ್ಲಿ. ಕ್ರಾಸಿನಿಂದ ಊರಿಗೆ ಮುಕ್ಕಾಲು ಮೈಲಿ. ನಡುವ ಅವರದಾ ಹೊಲ ಬರ್ತೈತಿ. ಹೊಲದ ಬದುವಿಗೆ ಒಂದು ಆಲದ ಮರ, ಮರದ ಬುಡಕ್ಕ ಕಲ್ಲು ಕಟ್ಟಿದ ಬಾವಿ. ಆ ಬಾವಿಯಿಂದ ಇಪ್ಪತ್ತು ಹೆಜ್ಜಿ ಆಚೆ ಅವನ ಹೆಂಡ್ತಿ ಸುಮಲತಾನ್ನ ಮಣ್ಣು ಮಾಡಿದ್ರು. ಒಂದು ತಿಂಗಳಾ ಆಗಿತ್ತು. ಮಣ್ಣು ಇನ್ನಾ ಕುಂತಿರಲಿಲ್ಲ.

ಹೊತ್ತು ಮುಳುಗಿದ ಮ್ಯಾಲೆ ಆ ದಾರಿಗೆ ಒಬ್ಬರಾ ಬರೋರು ಯಾರೂ ಇದ್ದಿಲ್ಲ. ಅಮರೇಶ ಬಂದ. ಅವನಿಗಿದ್ದ ಅಂಜಿಕಿ ಬಾವೀದಲ್ಲ, ಮನ್ಯಾಗಿದ್ದ ಕೂಸಿಂದು.

ಬಾವಿ ಹತ್ರ ಬಂದಾಗ ಗಾಳಿಗೆ ರಾಟಿ 'ಕಿರ್ರ್...' ಅಂತು. ಸುಮ್ಮನಾತು. ಆಮ್ಯಾಲೆ ಹಿಂದಿನಿಂದ...

'ಟಿಕ್... ಟಿಕ್... ಟಿಕ್...'

ಕಾಲುಂಗುರ ಕಲ್ಲಿಗೆ ತಾಗೋ ಸಪ್ಪಳ. ಗೆಜ್ಜೀದಲ್ಲ, ಗೆಜ್ಜಿ ಘಲ್ ಅಂತೈತಿ. ಇದು ಕಾಲುಂಗುರದ್ದಾ. ಮೂರು ವರ್ಷ ಮನ್ಯಾಗ ಅದ ಸಪ್ಪಳ ಕೇಳ್ಕೋತ ಮಲಗಿದವನಿಗೆ ಗೊತ್ತಾಗದಾ ಇರ್ತೈತೇನು?

ಅವನು ತಿರುಗಿ ನೋಡ್ಲಿಲ್ಲ. ತಿರುಗಿ ನೋಡಬಾರದು ಅಂತ ಹಿರೇರು ಹೇಳ್ಯಾರಲ್ಲ. ನಿಂತಲ್ಲೇ ಮೆಲ್ಲಕ ಕೇಳಿದ.

"ಸುಮಾ...?"

ಸಪ್ಪಳ ನಿಂತ್ತು. ಕಿವಿ ಹತ್ರಾನ ಒಂದು ದನಿ. ಉಸಿರಿನಷ್ಟಾ ಸಣ್ಣದು.

"ಲಗೂನ ನಡೀರಿ... ಮರ್ತೈತಿ."

ಡಬ್ಬಿ ಎದಿಗೆ ಅವಚಿಕೊಂಡು ಓಡಿದ ನೋಡ್ರಿ. ಒಂದು ಚಪ್ಪಲಿ ದಾರ್‍ಯಾಗ ಕಿತ್ತು ಬಿತ್ತು, ಅದನ್ನೂ ಎತ್ಕೊಳ್ಳಲಿಲ್ಲ. ಮನಿ ಬಾಗಿಲು ದೂಡಿ ಒಳಗ ಹೋದ್ರ ಕಂದೀಲು ಉರಿಯಾಕತ್ತೈತಿ. ಅವರವ್ವ ಕೊಟ್ರಬಸಮ್ಮ ಗ್ವಾಡಿಗೆ ಒರಗಿ ಕುಂತಲ್ಲೇ ಜೋಂಪು ಹತ್ಯಾಳ. ಕೌದಿ ಮ್ಯಾಲೆ ಕೂಸು. ಎದಿ ಏಳವಲ್ದು, ಇಳೀವಲ್ದು. ತುಟಿ ನೇರಳಿ ಹಣ್ಣಿನ ಬಣ್ಣಕ್ಕ ತಿರುಗಿತ್ತು.

ಅಂಗಾಲಿಗೆ ಬೆರಳಿನಿಂದ ಚಿಟಕಿ ಹೊಡೆದ. 'ಟಪ್.' ಇಲ್ಲ. 'ಟಪ್.' ಇಲ್ಲ. ಮೂರನೇದಕ್ಕ ಕೂಸು 'ಹ್ಂಕ್' ಅಂತ ಒಮ್ಮಿ ಬಿಕ್ಕಿ ಉಸಿರು ಎಳಕೊಂತು. ಬೆಕ್ಕಿನ ಮರಿ ಅತ್ತಂಗ ಅತ್ತಿತು.

ಇನ್ನು ಎರಡು ನಿಮಿಷ ತಡ ಆಗಿದ್ರ, ಅವತ್ತಾ ಮುಗೀತಿತ್ತು.

ನಾನು ಈ ಕತಿ ಕಟ್ಟಿ ಹೇಳಾಕತ್ತಿಲ್ಲ. ಅಮರೇಶನ ಮನಿಗೂ ನಮ್ಮ ಮನಿಗೂ ನಡುವ ಒಂದಾ ಗ್ವಾಡಿ. ಅವನು ಸಣ್ಣಾವಿದ್ದಾಗ ನನ್ನ ಮಡಿಲಾಗ ಉಚ್ಚಿ ಹೊಯ್ದಾವ, 'ಚಿಗವ್ವ' ಅಂತ ಕರೀತಿದ್ದ. ಈ ಊರಾಗ ತಿಪ್ಪೇರುದ್ರಮ್ಮ ಅಂದ್ರ ಎಲ್ಲಾರಿಗೂ ಗೊತ್ತು, ಬಾಯಾಗ ಎಳ್ಳು ನೆನಿಯಾದಿಲ್ಲ ಅಂತ. ಅನ್ಲಿ. ಖರೇನಾ ಐತಿ. ಆ ಬಾಯಿಂದಾನ ಏನಾತು ಅಂತ ಹೇಳ್ತೀನಿ, ಕೇಳ್ರಿ.

ಅದು ತೊಂಬತ್ತೆಂಟನೇ ಇಸ್ವಿ. ಸುಮಲತಾಗ ಏಳು ತಿಂಗಳು ತುಂಬಿ ಹತ್ತು ದಿನ. ಒಂದಿನ ಮುಂಜಾನಿ ಕಾಲು, ಮುಖ ಬಾತು, ಕಣ್ಣು ಮಂಜಾಗಾಕತ್ತಾವು ಅಂದ್ಲು. ಮಧ್ಯಾಹ್ನಕ್ಕ ಫಿಟ್ಸ್ ಬಂತು. ಜೀಪಿನ್ಯಾಗ ಹಾಕ್ಕೊಂಡು ಶಹರಿಗೆ ಹೋದ್ರು. ದವಾಖಾನ್ಯಾಗ ಹೊಟ್ಟಿ ಕೊಯ್ದು ಕೂಸ್ನ ತೆಗದ್ರು. ಹೆಣ್ಣು ಕೂಸು. ಅಂಗೈ ಅಗಲದ್ದು. ಸುಮಲತಾಗ ಎಚ್ಚರಾನ ಆಗಲಿಲ್ಲ. ಮಗಳ ಮುಖ ನೋಡದಾ ಹೋದ್ಲು.

ಏಳು ತಿಂಗಳಿಗೆ ಹುಟ್ಟಿದ್ದು ಉಳೀತೈತಿ, ಎಂಟಕ್ಕ ಹುಟ್ಟಿದ್ದು ಉಳಿಯಾದಿಲ್ಲ ಅಂತ ನಮ್ಮ ಕಡೆ ಮಾತೈತಿ. ಆ ಮಾತು ಹಿಡ್ಕೊಂಡು ಕುಂತಿದ್ವಿ ನಾವು. ಇಪ್ಪತ್ತನಾಕು ದಿನ ಕೂಸ್ನ ಗಾಜಿನ ಪೆಟಿಗ್ಯಾಗ ಇಟ್ಟಿದ್ರು. ಮೂಗಿನ್ಯಾಗ ನಳಿಕಿ, ಬಾಯಾಗ ನಳಿಕಿ. ಅಮರೇಶ ಹೊರಗ ಬೆಂಚಿನ ಮ್ಯಾಲೆ ಮಲಗತಿದ್ದ. ಡಾಕ್ಟರು, "ಇನ್ನೂ ಹದಿನೈದು ದಿನ ಇಲ್ಲೇ ಇರ್‍ಲಿ. ನಡುನಡುವ ಉಸಿರು ನಿಲ್ಲಸ್ತೈತಿ" ಅಂದ್ರು. ಕೊಟ್ರಬಸಮ್ಮ ಕೇಳಲಿಲ್ಲ. "ತಾಯಿ ಸತ್ತ ಜಾಗದಾಗ ಕೂಸ್ನ ಇಡಬಾರದು" ಅಂತ ಹಟ ಹಿಡಿದ್ಲು. ನಾವೂ ಹೌದೌದು ಅಂದ್ವಿ. ದವಾಖಾನಿಯವರು ಕಾಗದದ ಮ್ಯಾಲೆ ಅಮರೇಶನ ಕಡೆ ಸಹಿ ಮಾಡಿಸ್ಕೊಂಡು ಕೂಸ್ನ ಬಿಟ್ರು.

ಕೊಟ್ರಬಸಮ್ಮ ಕೆಟ್ಟಾಕಿ ಅಂತ ತಿಳೀಬ್ಯಾಡ್ರಿ. ನಾಕು ಹಡದು ಮೂರನ್ನ ಮಣ್ಣಿಗೆ ಕೊಟ್ಟಾಕಿ. ಆಕಿಗೆ ಕೂಸು ಅಂದ್ರ ಜೀವ, ಸಾವು ಅಂದ್ರ ಅದಕ್ಕಿಂತ ಹೆಚ್ಚಿನ ಅಂಜಿಕಿ.

ಊರಿನ ಸಿಸ್ಟರು ರೇಖಾ ಅಂತ, ಕೂಡ್ಲಿಗಿ ಕಡೆ ಹುಡುಗಿ, ಆಗಷ್ಟೇ ನೌಕರಿಗೆ ಬಂದಿದ್ಲು. ವಾರಕ್ಕೊಮ್ಮೆ ಬಂದು ಕೂಸ್ನ ತೂಗಿ ಹೋಗಾಕಿ. ಮೊದಲನೇ ದಿನಾನ ನಮ್ಮೆಲ್ಲಾರ್ನೂ ಕುಂದ್ರಿಸಿಕೊಂಡು ಹೇಳಿದ್ಲು.

"ನೋಡ್ರಿ, ಇದಕ್ಕ ಉಸಿರಾಡೋದು ಇನ್ನೂ ರೂಢಿ ಆಗಿಲ್ಲ. ತಾಯಿ ಹೊಟ್ಟ್ಯಾಗ ಇರಬೇಕಾದ ದಿನ ಇವು. ಮಲಗಿದಾಗ ಮರೀತೈತಿ."

"ಉಸಿರಾಡೋದು ಮರೀತೈತಾ? ಎಲ್ಲಿದರ ಕತಿ ಹೇಳ್ತೀ ತಂಗಿ!" ಅಂತ ನಾನು ನಕ್ಕೆ.

ಆಕಿ ನಗಲಿಲ್ಲ. "ಹೌದ್ರೀ ಅಮ್ಮ. ಎದಿ ನೋಡ್ಕೋತ ಇರ್ರಿ. ನಿಂತ್ರ ಒಂದರಿಂದ ಹದಿನೈದು ಎಣಿಸ್ರಿ. ಅಷ್ಟರಾಗ ಉಸಿರು ಬರಲಿಲ್ಲಂದ್ರ ಅಂಗಾಲಿಗೆ ಹಿಂಗ ಚಿಟಕಿ ಹೊಡೀರಿ. ನೆನಪಾಗ್ತೈತಿ. ಆದ್ರ ಹಗಲು ರಾತ್ರಿ ಯಾರರ ಒಬ್ಬರು ಕಣ್ಣಾಗ ಕಣ್ಣಿಟ್ಟು ಕುಂದ್ರಬೇಕು. ಲೋಬಾನದ ಹೊಗಿ ಹಾಕಬ್ಯಾಡ್ರಿ, ಮೂಗಿಗೆ ಎಣ್ಣಿ ಬಿಡಬ್ಯಾಡ್ರಿ. ಇನ್ನೊಂದು ತಿಂಗಳು ದಾಟಿಸಿದ್ರ ಇದು ಗೆದ್ದಂಗ."

ಒಂದು ತಿಂಗಳು. ಅಷ್ಟಾ ನಮಗ ಬೇಕಾಗಿದ್ದು. ಮೂವತ್ತು ರಾತ್ರಿ.

ಅಮರೇಶಂದು ಹಿಟ್ಟಿನ ಗಿರಣಿ. ಹಗಲೆಲ್ಲಾ ಜ್ವಾಳ ಬೀಸಿ ಮೈಯೆಲ್ಲಾ ಬೂದಿ ಬಳಕೊಂಡ ಸ್ವಾಮಿ ಆಗಿ ಬರ್ತಿದ್ದ. ಹಿಟ್ಟಿನ ಧೂಳು ಕೂಸಿನ ಮೂಗಿಗೆ ಹೋಗಬಾರದು ಅಂತ ಹಿತ್ತಲದಾಗ ಮೂರು ಸಲ ಮೈ ತೊಳಕೊಂಡು, ಮೂಗಿನ್ಯಾಗಿನ ಹಿಟ್ಟೂ ತೆಗದು, ಒಗದ ಅಂಗಿ ಹಾಕ್ಕೊಂಡ ಮ್ಯಾಲೆನ ಒಳಗ ಬರೋನು. ಕೂಸ್ನ ಎದಿ ಮ್ಯಾಲೆ ಇಟಕೊಂಡು ಬೆಳಗಾಗೋ ಮಟ ಕುಂದ್ರೋನು. ಗಂಡಸು ಹಂಗ ಕೂಸ್ನ ನೋಡಿದ್ದು ನನ್ನ ಜೀವನದಾಗ ನಾ ಕಂಡಿದ್ದಿಲ್ಲ. ಕೂಸಿಗೆ ಹೆಸರಿಟ್ಟಿರಲಿಲ್ಲ. ದವಾಖಾನಿಯವರು ಕಾಲಿಗೆ ಕಟ್ಟಿದ್ದ ಪಟ್ಟಿ ಮ್ಯಾಲೆ 'ಸುಮಲತಾ ಅವರ ಮಗು' ಅಂತ ಬರದಿತ್ತು. ಆ ಪಟ್ಟಿ ಬಿಚ್ಚಾಕ ಅವನು ಯಾರಿಗೂ ಬಿಡಲಿಲ್ಲ.

ಬಸ್ಸಿನ ರಾತ್ರಿ ಆದದ್ದನ್ನ ಎರಡು ದಿನ ಬಿಟ್ಟು ನನ್ನೊಬ್ಬಾಕಿ ಮುಂದ ಹೇಳಿದ.

"ಚಿಗವ್ವ, ಸುಮಾ ಬಂದಿದ್ಲು."

ನಾನು ತಡಬಡಿಸಿ ಸುತ್ತ ನೋಡಿದೆ. "ಎಲ್ಲಿಗಪ್ಪಾ?"

"ಬಾವಿಂದ ನನ್ನ ಹಿಂದಾನ ಬಂದ್ಲು. ಮನೀ ಮಟ. ಅವತ್ತಿಂದ ಇಲ್ಲೇ ಅದಾಳ."

"ಹಂಗನಬ್ಯಾಡೋ..."

"ಕೇಳಿಲ್ಲಿ. ನಿನ್ನೆ ರಾತ್ರಿ ನಂಗ ಕಣ್ಣು ಹತ್ತಿಬಿಟ್ಟಿತ್ತು. 'ಟಪ್' ಅನ್ನೋ ಸಪ್ಪಳಕ್ಕ ಎಚ್ಚರಾತು. ಕೂಸು ಅಳಾಕತ್ತಿತ್ತು. ಅಂಗಾಲು ಕೆಂಪಾಗಿತ್ತು. ನಾನು ಹೊಡೆದಿದ್ದಿಲ್ಲ, ಅವ್ವ ಪಡಸಾಲ್ಯಾಗ ಮಲಗಿದ್ಲು." ಅವನ ಮುಖದಾಗ ಅಂಜಿಕಿ ಅನ್ನೋದು ಇದ್ದಿಲ್ಲ. ತಿಂಗಳಾದ ಮ್ಯಾಲೆ ಮೊದಲನೇ ಸಲ ಅವನ ಮುಖದ ಮ್ಯಾಲೆ ಒಂದೀಟು ಸಮಾಧಾನ ಕಂಡೆ. "ಅವ್ವಗ ಹೇಳಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ ಚಿಗವ್ವ. ಆಕಿಗೆ ತಿಳಿಯಾದಿಲ್ಲ."

"ನಾ ಯಾಕ ಹೇಳ್ಲೋ?" ಅಂದೆ.

ಹೆಂಡ್ತಿ ಹೋದ ದುಃಖಕ್ಕ, ನಿದ್ದಿಗೇಡಿಗೆ ಹಂಗ ಅನಸ್ತೈತಿ ಅಂತ ನಾನು ತಿಳಕೊಂಡಿದ್ದೆ. ನೀವೂ ಈಗ ಅದನ್ನಾ ತಿಳಕೊಂಡೀರಿ, ಗೊತ್ತೈತಿ ನಂಗ. ಮುಂದ ಕೇಳ್ರಿ.

ನಾಕು ದಿನ ಬಿಟ್ಟು ಅಮರೇಶಗ ಜ್ವರ ಬಂತು. ಕೂಸಿಗೆ ಹತ್ತೀತು ಅಂತ ಅವನು ಗಿರಣ್ಯಾಗ ಮಲಗಿದ. ಆ ರಾತ್ರಿ ನಾನು ಕುಂತೆ. ಕೊಟ್ರಬಸಮ್ಮ ಹನ್ನೊಂದಕ್ಕ ಮಲಗಿದ್ಲು. ಕರೆಂಟು ಹೋಗಿತ್ತು. ಕಂದೀಲು ಸಣ್ಣಗ ಮಾಡಿ ಕೂಸಿನ ಪಕ್ಕದಾಗ ಇಟ್ಟಿದ್ದೆ.

'ಸುಯ್ ಸುಯ್ ಸುಯ್...' ಇಲಿ ಉಸಿರಾಡಿದಷ್ಟು ಸಣ್ಣದು. ನಡುವ ಒಮ್ಮಿ ನಿಲ್ಲೋದು, ನಾ ಐದೋ ಆರೋ ಎಣಿಸೋದ್ರಾಗ ಮತ್ತ ಹತ್ತೋದು. ಹೊರಗ ಎಲ್ಲೋ ಒಂದು ನಾಯಿ. ಮ್ಯಾಲೆ ಜಂತ್ಯಾಗ ಹಲ್ಲಿ 'ಲೊಚ್ ಲೊಚ್'.

ಎರಡೂವರಿ ಇರಬೇಕು. ಉಸಿರು ನಿಂತ್ತು.

ಒಂದು... ಎರಡು... ಮೂರು... ಹತ್ತಾತು. ಹನ್ನೊಂದು... ಹನ್ನೆರಡು... ನನ್ನ ಕೈ ಚಾಚಿದೆ. ಕೈ ಇನ್ನೂ ಗೇಣು ದೂರ ಇತ್ತು...

'ಟಪ್.'

ನಾನು ಮುಟ್ಟಿಲ್ಲ. ನನ್ನ ಬೆರಳು ಗಾಳ್ಯಾಗ ಇತ್ತು. ಕೂಸಿನ ಎಡಗಾಲು ಒಮ್ಮಿ ಜಗ್ಗಿಕೊಂತು, 'ಹ್ಂಕ್' ಅಂತು, ಅಳಾಕತ್ತಿತು. ಕಂದೀಲು ಎತ್ತಿ ನೋಡಿದೆ. ಅಂಗಾಲಿನ ಮ್ಯಾಲೆ ಬೆರಳಿನ ಉಗುರಿನಷ್ಟು ಕೆಂಪು. ನನ್ನ ಬಲಕ್ಕ, ಕೌದಿ ಮ್ಯಾಲೆ ಯಾರೋ ಕುಂತು ಎದ್ದಂಗ ತಗ್ಗಾಗಿತ್ತು. ನಾ ನೋಡ್ತಿದ್ದಂಗ ಅದು ಮೆಲ್ಲಕ ಉಬ್ಬಿ ಸಮ ಆತು...

ಆಗ ನಾನು ಏನು ಮಾಡಬೇಕಿತ್ತು? ಕೈ ಮುಗದು, "ನೀ ಇರವ್ವ, ಇಲ್ಲೇ ಇರು" ಅನಬೇಕಿತ್ತು. ಎಂಟು ವರ್ಷದಿಂದ ದಿನಾ ರಾತ್ರಿ ಆ ಮಾತು ಅಂತೀನಿ. ಅವತ್ತು ಅನಲಿಲ್ಲ. ಬೆಳಕು ಹರಿಯೋ ಮಟ ಮೂಲ್ಯಾಗ ಮುದುಡಿ ಕುಂತೆ. ಬೆಳಿಗ್ಗೆ ನೀರಿನ ನಳದ ಹತ್ರ ಕೊಟ್ರಬಸಮ್ಮನ ಕೊಡ ತುಂಬೋದ್ರೊಳಗ ಎಲ್ಲಾ ಹೇಳಿಬಿಟ್ಟೆ. ಬಾವೀದೂ ಹೇಳಿದೆ, ಟಪ್ ಅಂದಿದ್ದೂ ಹೇಳಿದೆ. ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು. ಆಕಿ ಕೊಡ ತುಂಬಿ ಚೆಲ್ಲಾಕತ್ತಿದ್ರೂ ನಳ ಬಂದ್ ಮಾಡಲಿಲ್ಲ.

"ಬಾಣಂತಿ ಸತ್ತಾಕಿ..." ಅಂದ್ಲು. "ಕೂಸ್ನ ಒಯ್ಯಾಕ ಬಂದಾಳ ತಿಪ್ಪವ್ವ. ನಂಗ ಗೊತ್ತಿತ್ತು."

ಬಾಣಂತಿ ಆಗಿ ಸತ್ತವರನ್ನ ಮಣ್ಣು ಮಾಡಿದ ದಿನಾನ ನಮ್ಮ ಮಂದಿ ಒಂದು ಕಟ್ಟು ಮಾಡ್ತಿದ್ರು. ಹೊಸ್ತಿಲಿಗೆ ಏಳು ಕಬ್ಬಿಣದ ಮೊಳಿ ಹೊಡೆಯೋದು. ಗುಣಿಯಿಂದ ಬಾಗಿಲ ಮಟ ದಾರಿ ತುಂಬ ಸಾಸಿವಿ ಚೆಲ್ಲೋದು. ಆಕಿ ಮನಿಗೆ ಬರಬೇಕಂದ್ರ ಒಂದೊಂದಾ ಕಾಳು ಆರಿಸಿ ಎಣಿಸ್ಕೋತ ಬರಬೇಕು. ಅಷ್ಟರಾಗ ಬೆಳಕು ಹರಿತೈತಿ. ಎಣಿಸಿ ಬಂದ್ರೂ ಮೊಳಿ ದಾಟಂಗಿಲ್ಲ. ಸುಮಲತಾನ್ನ ಮಣ್ಣು ಮಾಡಿದಾಗ ಅಮರೇಶ ಇದನ್ನ ಮಾಡಾಕ ಬಿಟ್ಟಿರಲಿಲ್ಲ. "ನನ್ನ ಹೆಂಡ್ತೀನ ಕಳ್ಳಿನ್ನ ಮಾಡಬ್ಯಾಡ್ರಿ" ಅಂದಿದ್ದ.

ಆ ದಿನ ಅವನು ಜ್ವರದಾಗ ಗಿರಣ್ಯಾಗ ಇದ್ದಾಗಾನ ಕೊಟ್ರಬಸಮ್ಮ ತೆಲಿಗಿಯಿಂದ ಹಾಲೇಶಪ್ಪ ಅನ್ನೋ ಮುದುಕನ್ನ ಕರಿಸಿದ್ಲು. ಇಂಥಾ ಕಟ್ಟು ಬಲ್ಲಾವ. ಮಧ್ಯಾಹ್ನ ಮೂರಕ್ಕ 'ಠಣ್ ಠಣ್' ಅಂತ ಏಳೂ ಮೊಳಿ ಹೊಸ್ತಿಲಿನ ಕಟ್ಟಿಗ್ಯಾಗ ಇಳದ್ವು. ಗುಣಿಯಿಂದ ಬಾಗಿಲ ಮಟ ಸಾಸಿವಿ ಬಿತ್ತು. ಅವರ ಮನ್ಯಾಗಿನದು ಸಾಲಲಿಲ್ಲ. ಒಂದು ಸೇರು ನಾನಾ ತಂದು ಕೊಟ್ಟೆ.

ಹೊತ್ತು ಮುಳುಗಿದ ಮ್ಯಾಲೆ ಅಮರೇಶ ಬಂದ. ಜ್ವರ ಇಳಿದಿತ್ತು. ಹೊಸ್ತಿಲು ನೋಡಿದ. ನನ್ನ ನೋಡಿದ. ಇಕ್ಕಳ ತಂದು ಮೊಳಿ ಕೀಳಾಕ ಕುಂತ. ಕೊಟ್ರಬಸಮ್ಮ ಹೊಸ್ತಿಲಿನ ಮ್ಯಾಲೆ ಅಡ್ಡ ಬಿದ್ಲು.

"ನನ್ನ ಕೊಂದು ಕೀಳು!"

"ಅವ್ವಾ, ಆಕಿ ಒಯ್ಯಾಕ ಬಂದಿಲ್ಲ. ಕಾಯಾಕ ಬಂದಾಳ."

"ಸತ್ತೋರು ಕಾಯಾಕ ಬರಾದಿಲ್ಲಪ್ಪ, ಕರಿಯಾಕ ಬರ್ತಾರ. ಮೂರು ಕೂಸ್ನ ಕಳಕೊಂಡೀನಿ ನಾನು. ಇದೊಂದನ್ನ ಬಿಡು. ನನ್ನ ಬಂಗಾರ, ಇದೊಂದನ್ನ ಬಿಟ್ಟುಬಿಡು..."

ಮುದುಕಿ ಹಣಿ ಹೊಸ್ತಿಲಿಗೆ ಬಡಕೊಳ್ಳೋದನ್ನ ಅವನಿಗೆ ನೋಡಾಕಾಗಲಿಲ್ಲ. ಇಕ್ಕಳ ಕೆಳಗಿಟ್ಟ. "ಆತು. ಇವತ್ತೊಂದು ರಾತ್ರಿ ಮೂರೂ ಮಂದಿ ಎಚ್ಚರ ಇರೂನು. ಬೆಳಿಗ್ಗೆ ನಾ ಕೀಳ್ತೀನಿ" ಅಂದ.

ಮೂರೂ ಮಂದಿ ಕುಂತ್ವಿ. ಬಾಗಿಲಿಗೆ ಅಗಳಿ ಹಾಕಿತ್ತು. ಕೂಸು ಅಮರೇಶನ ಎದಿ ಮ್ಯಾಲೆ. ಹನ್ನೆರಡಕ್ಕೊಮ್ಮೆ ಉಸಿರು ನಿಂತ್ತು, ಅಮರೇಶ ಚಿಟಕಿ ಹೊಡೆದ, ಬಂತು. ಒಂದೂವರಿಗೊಮ್ಮೆ ನಿಂತ್ತು, ಕೊಟ್ರಬಸಮ್ಮ ಹೊಡೆದ್ಲು, ಬಂತು. ಮೂರಕ್ಕೊಮ್ಮೆ, ನಾನು. ಬೇರೆ ಯಾವ ಸಪ್ಪಳಾನೂ ಇಲ್ಲ. ಕೊಟ್ರಬಸಮ್ಮ ನನ್ನ ಕಡೆ ನೋಡಿ ಗೋಣು ಹಾಕಿದ್ಲು, ಕಟ್ಟು ಹಿಡಿದೈತಿ ಅನ್ನೋಹಂಗ. ಇನ್ನೆರಡು ತಾಸಿಗೆ ಬೆಳಕು.

ನಾಕು ಹೊಡೆದಿತ್ತು. ಅಷ್ಟರಾಗ ದೂರದಿಂದ...

'ಟಿಕ್... ಟಿಕ್...'

ಅಂಗಳದ ಕಲ್ಲಿನ ಮ್ಯಾಲೆ. ನಿಧಾನಕ್ಕ. ದಣಿದವರು ನಡೆದಂಗ. ಅಷ್ಟೂ ಸಾಸಿವಿ ಆಕಿ ಎಣಿಸಿ ಮುಗಿಸಿದ್ಲು. ಕತ್ತಲದಾಗ, ಬಗ್ಗಿಕೊಂಡು, ಒಂದೊಂದಾ ಕಾಳು...

ಬಾಗಿಲ ಮುಂದ ಬಂದು ನಿಂತ್ತು. ಕಟ್ಟಿಗಿ ಮ್ಯಾಲೆ ಉಗುರು ಆಡಿಸಿದ ಸಪ್ಪಳ. 'ಕರ್‍ಕ್... ಕರ್‍ಕ್...'

"ತೆಗೀರಿ..."

ಅಮರೇಶ ಎದ್ದ. ಕೂಸ್ನ ನನ್ನ ಮಡಿಲಿಗೆ ಹಾಕಿದ. ಬಾಗಿಲ ಕಡೆ ಎರಡು ಹೆಜ್ಜಿ ಇಟ್ಟಿದ್ದ, ಕೊಟ್ರಬಸಮ್ಮ ಅವನ ಎರಡೂ ಕಾಲು ತೆಕ್ಕಿ ಹಾಯ್ದು ಹಿಡದ್ಲು.

"ಬಿಡವ್ವಾ!"

"ಬಿಡಾದಿಲ್ಲ! ತೆಗೀಬ್ಯಾಡ!"

ಹೊರಗ ದನಿ ಜೋರಾತು.

"ಮರ್ತೈತಿ... ಮರ್ತೈತಿ... ತೆಗೀರಿ, ಮರ್ತೈತಿ..."

ಬಾಗಿಲು 'ದಡ್ ದಡ್' ಅಂತ ಅಲ್ಲಾಡಿತು. ಅಗಳಿ ಕುಣೀತು. ನಾನು ಕಣ್ಣು ಮಿಟಕಿಸದಾ ಬಾಗಿಲು ನೋಡ್ಕೋತ ಕುಂತಿದ್ದೆ. ತೆಗದ್ರ ಏನು ಕಾಣ್ತೈತೋ ಅಂತ. ಆ ಮಾತಿನ ಅರ್ಥ ಏನು ಅಂತ ಅಮರೇಶ ನಂಗ ಹೇಳಿದ್ದ. ನಂಗ ಗೊತ್ತಿತ್ತು. ಗೊತ್ತಿದ್ದೂ ನಾನು ಬಾಗಿಲಾ ನೋಡಿದೆ. ಮಡಿಲಿನ ಕಡೆ ನೋಡಲಿಲ್ಲ. ಎಷ್ಟು ಹೊತ್ತು ಅಂತ ಕೇಳಬ್ಯಾಡ್ರಿ... ಎಣಿಸೋರು ಯಾರಿದ್ರು?

"ಚಿಗವ್ವಾ, ಕೂಸು ನೋಡು! ಕೂಸು!" ಅಂತ ಅಮರೇಶ ಚೀರಿದ.

ಆಗ ನೋಡಿದೆ.

ಚಿಟಕಿ ಹೊಡೆದೆ. ಹೊಡೆದೆ. ಅಮರೇಶ ಕಸಕೊಂಡು ಹೊಡೆದ. ಬೆನ್ನು ತಿಕ್ಕಿದ. ಬಾಯಿಗೆ ಬಾಯಿಟ್ಟು ಊದಿದ. ಕೊಟ್ರಬಸಮ್ಮ ಎರಡೂ ಅಂಗಾಲು ತನ್ನ ಗಲ್ಲಕ್ಕ ಒತ್ಕೊಂಡು ತಿಕ್ಕಿದ್ಲು. ಆ ಕೂಸಿನ ಕಾಲು ನನ್ನ ಹೆಬ್ಬೆಟ್ಟಿನಷ್ಟಿತ್ತು ರೀ... ಮೂರು ಮಂದಿ ಎಚ್ಚರಿದ್ವಿ. ಮೂರು ಮಂದ್ಯಾಗ ಒಬ್ಬರಾದ್ರೂ ಕೂಸಿನ ಕಡೆ ನೋಡಿದ್ರ ಸಾಕಿತ್ತು. ನೋಡಾಕ ಬಂದಾಕಿನ್ನ ನಾವು ಹೊರಗ ನಿಂದ್ರಿಸಿದ್ವಿ.

ಬಾಗಿಲ ಸಪ್ಪಳ ಯಾವಾಗ ನಿಂತ್ತು, ಗೊತ್ತಾಗಲಿಲ್ಲ. ಎಲ್ಲಾ ಮುಗದು, ಅಮರೇಶ ಕೂಸ್ನ ಎದಿಗೆ ಹಚ್ಚಿಕೊಂಡು ಸುಮ್ಮನಾದ ಮ್ಯಾಲೆ, ಹೊರಗಿನ ಕಲ್ಲಿನ ಮ್ಯಾಲೆ ಒಂದು ಸಪ್ಪಳ ಕೇಳಿತು. 'ಧಪ್.' ಯಾರೋ ಕುಸಿದು ಕುಂತಂಗ. ಆಮ್ಯಾಲೆ ಅಳೂನೂ ಇಲ್ಲ, ಏನೂ ಇಲ್ಲ.

ಬೆಳಗಾದ ಮ್ಯಾಲೆ ಕೊಟ್ರಬಸಮ್ಮನ ಎದ್ದು ಅಗಳಿ ತೆಗದ್ಲು. ಇಕ್ಕಳ ಹಿಡಿದು ತಾನಾ ಏಳೂ ಮೊಳಿ ಕಿತ್ತಳು. ಕೈ ರಕ್ತ ಆದ್ರೂ ಬಿಡಲಿಲ್ಲ. ಆಕಿ ಅದಾದ ಮ್ಯಾಲೆ ಎರಡು ವರ್ಷ ಬದುಕಿದ್ಲು, ಒಂದು ರಾತ್ರೀನೂ ಬಾಗಿಲು ಹಾಕಾಕ ಬಿಡಲಿಲ್ಲ. ಮಳಿ ಬರ್‍ಲಿ, ಚಳಿ ಇರ್‍ಲಿ, ಬಾಗಿಲು ತೆರದಾ ಇರಬೇಕು. ಏನು ಬಂತು? ಕೆಟ್ಟ ಮ್ಯಾಲೆ ಬಂದ ಬುದ್ಧಿ.

ಅಮರೇಶ ಇವತ್ತಿಗೂ ಗಿರಣಿ ನಡಸ್ತಾನ. ಮತ್ತ ಲಗ್ನ ಆಗಲಿಲ್ಲ. ನನ್ನ ಜ್ವಾಳ ಬೀಸಿ ಕೊಡ್ತಾನ, "ಹೆಂಗದೀ ಚಿಗವ್ವ" ಅಂತಾನ. ಇಷ್ಟು ವರ್ಷದಾಗ ಒಂದಾ ಒಂದು ಮಾತು ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಕಪಾಳಕ್ಕ ಹೊಡೆದಿದ್ರೂ ಚಲೋ ಇತ್ತು.

ನೀವು ನಂಬ್ರಿ ಅಂತ ನಾ ಕೈ ಕಾಲು ಬೀಳಾದಿಲ್ಲ. ಜ್ವರದವನು, ಮುದುಕಿ, ಬಾಯಿಬಡಕಿ, ಮೂರು ಮಂದಿ ನಿದ್ದಿಗೆಟ್ಟು ಏನೋ ಕೇಳಿದ್ರು ಅನ್ರಿ. ಅನ್ರಿ. ಆದ್ರ ರೇಖಾ ಸಿಸ್ಟರು ನಮ್ಮ ಜೊತಿ ಇದ್ದಿಲ್ಲ. ದೆವ್ವ ಅಂದ್ರ ನಗಾಕಿ ಆಕಿ. ಅವತ್ತು ಕೂಸಿನ ತೂಕ ನೋಡೋ ದಿನ. ಒಳಗ ಏನಾಗೈತಿ ಅಂತ ಆಕಿಗೆ ಗೊತ್ತಿದ್ದಿಲ್ಲ. ಏಳಕ್ಕ ತಕ್ಕಡಿ ಹೆಗಲಿಗೆ ಹಾಕ್ಕೊಂಡು ಬಂದಾಕಿ, ಹೊಸ್ತಿಲಿನ ಆಚೆ ಕಲ್ಲಿನ ಹತ್ರ ನಿಂತು ಬಗ್ಗಿ ನೋಡಿದ್ಲು. ಬೆರಳಿಲೆ ಮುಟ್ಟಿ ನೋಡಿದ್ಲು. ಅಲ್ಲಿಂದಾನ ಒಳಗ ಕೂಗಿದ್ಲು.

"ಯಾರ್‍ರೀ ಅಮ್ಮ, ಬೆಳಿಗ್ಗೆ ಬೆಳಿಗ್ಗೆ ಇಲ್ಲಿ ಎದಿಹಾಲು ಹಿಂಡ್ಯಾರ? ಡಬ್ಬಿ ಹಾಲಲ್ಲ ಇದು. ನಿಮ್ಮ ಮನ್ಯಾಗ ಬಾಣಂತಿ ಯಾರದಾರ?"

ನಾನು ಹೋಗಿ ನೋಡಿದೆ. ಕಲ್ಲಿನ ಮ್ಯಾಲೆ ಎರಡು ಕಡೆ ಹಸಿ ಇತ್ತು, ಗೇಣು ಅಂತರಕ್ಕ. ಇನ್ನೂ ಆರಿರಲಿಲ್ಲ. ಖರೇ ಹೇಳ್ತೀನಿ, ಈ ಕಣ್ಣಿಲೆ ನೋಡೇನಿ. ಕೆಂಪಿರುವಿ ಸಾಲು ಹಿಡಿದು ಬಂದು ಅದನ್ನ ಕುಡಿಯಾಕತ್ತಿದ್ವು.